ಕಾರಿನ ಬೆಲೆಗಿಂತ ಜಾಸ್ತಿ ಮೊತ್ತದ ಚೆಕ್ ಬಂದಿದೆ, ಮಿಕ್ಕಿದ್ದು ವಾಪಸ್ ಕಳಿಸಿ ಅನ್ನುತ್ತಿದ್ದಾರೆ. ಏನು ಮಾಡಲಿ?

ಬಿಳಿಕಾರು (ಪ್ರಶ್ನೆ)

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ. ಇವತ್ತು ಸಂಜೆಯೊಳಗೆ ಏನಾದರೂ ತೀರ್ಮಾನ ಮಾಡಬೇಕು.

11 ವರ್ಷದಿಂದ ಓಡಿಸಿದ ನನ್ನ ಕಾರನ್ನು ಮಾರಲು ಹೊರಟಿದ್ದೇನೆ. ಡೀಲರ್ ಹೇಳಿದ ಬೆಲೆ ಕೇಳಿ ಬೇಜಾರಾಯಿತು. ಹಾಗಾಗಿ ನಾನೇ ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿದೆ. 6 ಫೋಟೋ ಹಾಕಿದ್ದೆ. ಎಡಗಡೆ ಹಿಂದಿನ ಬಾಗಿಲ ಮೇಲೆ ಉದ್ದಕ್ಕೊಂದು ಗೀರು ಇದೆ, ಅದರ ಫೋಟೋ ಕೂಡ ಹಾಕಿದ್ದೆ. ನೋಡಲು ಬಂದ ಮೇಲೆ ಅದನ್ನೇ ಹಿಡಿದುಕೊಂಡು ಚೌಕಾಸಿ ಮಾಡುವುದು ಬೇಡ ಅಂತ.

ಮೊದಲ 2 ದಿನ ಯಾರೂ ಕೇಳಲಿಲ್ಲ. ಮೂರನೇ ದಿನ ಒಂದು ಮೆಸೇಜ್ ಬಂತು. "ಐಟಂ ಇನ್ನೂ ಇದೆಯಾ? ಈಗಿರುವ ಸ್ಥಿತಿಯಲ್ಲೇ ತೆಗೆದುಕೊಳ್ಳುತ್ತೇನೆ. ಬೆಲೆ ಒಪ್ಪಿಗೆ." ಇದೆ ಅಂದೆ. ಆತ ಹಡಗಿನಲ್ಲಿ ಕೆಲಸ ಮಾಡುತ್ತಾರಂತೆ. ಸಮುದ್ರದ ಮೇಲೆ ಇರುವುದರಿಂದ ಫೋನ್ ಮಾಡಲು ಆಗುವುದಿಲ್ಲ, ಏನಿದ್ದರೂ ಇಮೇಲ್ ಮಾತ್ರ. ಕಾರು ತಮ್ಮನಿಗೆ ಉಡುಗೊರೆಯಂತೆ. ಚೆಕ್ ಕಳಿಸುತ್ತೇನೆ, ಸಾಗಣೆಯವರು ಬಂದು ಗಾಡಿ ಎತ್ತಿಕೊಂಡು ಹೋಗುತ್ತಾರೆ ಅಂದರು. ಚೌಕಾಸಿ ಒಂಚೂರೂ ಇಲ್ಲ. ಜಾಹೀರಾತು ತೆಗೆದುಹಾಕಿ, ಅದಕ್ಕೂ ಸ್ವಲ್ಪ ಸೇರಿಸಿ ಕೊಡುತ್ತೇನೆ ಅಂದರು. ಒಳ್ಳೆಯ ಮನುಷ್ಯ ಅಂದುಕೊಂಡೆ.

4 ದಿನಕ್ಕೆ ಕೊರಿಯರ್‌ನಲ್ಲಿ ಚೆಕ್ ಬಂತು. ನಾನು ಹೇಳಿದ ಬೆಲೆ 100 ಅಂತ ಇಟ್ಟುಕೊಳ್ಳಿ, ಚೆಕ್ ಬಂದಿದ್ದು 138ಕ್ಕೆ. ಅದೇ ದಿನ ಇಮೇಲ್ ಕೂಡ. "ನನ್ನ ಸೆಕ್ರೆಟರಿ ಸಾಗಣೆಯ ದುಡ್ಡನ್ನೂ ಸೇರಿಸಿ ಒಂದೇ ಚೆಕ್ ಬರೆದುಬಿಟ್ಟಿದ್ದಾರೆ. ನಿಮ್ಮ ಪಾಲು ಇಟ್ಟುಕೊಂಡು ಮಿಕ್ಕಿದ್ದನ್ನು ಸಾಗಣೆ ಏಜೆಂಟ್‌ಗೆ ಕಳಿಸಿ. ನಿಮಗೆ ತೊಂದರೆ ಕೊಟ್ಟಿದ್ದಕ್ಕೆ 3 ಜಾಸ್ತಿ ಇಟ್ಟುಕೊಳ್ಳಿ." ಏಜೆಂಟ್ ಬ್ಯಾಂಕ್ ಖಾತೆಗೆ ತೆಗೆದುಕೊಳ್ಳುವುದಿಲ್ಲವಂತೆ. ಯಾವ ಊರಿನಲ್ಲಿ ಬೇಕಾದರೂ ನಗದು ಬಿಡಿಸಿಕೊಳ್ಳಬಹುದಲ್ಲ, ಆ ಥರದ ಹಣ ವರ್ಗಾವಣೆಯ ಮೂಲಕ ಕಳಿಸಬೇಕಂತೆ.

ಸೋಮವಾರ ಚೆಕ್ ಹಾಕಿದೆ. ಇವತ್ತು ಬುಧವಾರ. ಆ್ಯಪ್‌ನಲ್ಲಿ ನೋಡಿದರೆ 138 ಪೂರ್ತಿ ಸೇರಿದೆ, ತೆಗೆಯಲೂ ಬರುತ್ತದೆ. ಬೆಳಗ್ಗೆಯಿಂದ 5 ಇಮೇಲ್ ಬಂದಿದೆ. ಏಜೆಂಟ್ ಕಾಯುತ್ತಿದ್ದಾನೆ, ಇವತ್ತೇ ಕಳಿಸದಿದ್ದರೆ ಲಾರಿ ಬುಕಿಂಗ್ ರದ್ದಾಗುತ್ತದೆ ಅಂತ.

ಮನೆಯವರು "ಬ್ಯಾಂಕಿನವರೇ ದುಡ್ಡು ಹಾಕಿದ ಮೇಲೆ ಇನ್ನೇನು ಅನುಮಾನ" ಅನ್ನುತ್ತಿದ್ದಾರೆ. ನನಗೆ ಮಾತ್ರ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗೆ ಆಗುತ್ತಿದೆ. ಇಮೇಲ್ ಮಾಡುವವರ ಹೆಸರು ಒಂದು. ಚೆಕ್ ಮೇಲೆ ಯಾವುದೋ ಕಂಪನಿಯ ಹೆಸರು. ಕೊರಿಯರ್ ಕವರ್ ಮೇಲೆ ಮೂರನೆಯದೇ ಹೆಸರು, ಬೇರೆಯೇ ಊರು. ನಾನೇ ಸುಮ್ನೆ ಜಾಸ್ತಿ ಯೋಚನೆ ಮಾಡುತ್ತಿದ್ದೇನಾ?

ಸ್ಟೆಪ್ನಿ

ಒಂದು ಪೈಸೆಯನ್ನೂ ಕಳಿಸಬೇಡಿ. ಕಾರಣ ಆಮೇಲೆ ಯಾರಾದರೂ ಬಿಡಿಸಿ ಹೇಳುತ್ತಾರೆ. ಮೊದಲು ಕಳಿಸುವುದನ್ನು ನಿಲ್ಲಿಸಿ.

ಕೌಂಟರ್‌ಮೂರು

ನಾನು ಬ್ಯಾಂಕಿನ ಕೌಂಟರ್‌ನಲ್ಲಿ 26 ವರ್ಷ ಕೂತವನು. ಕೊನೆಯ 9 ವರ್ಷ ಕ್ಲಿಯರಿಂಗ್ ವಿಭಾಗದಲ್ಲಿದ್ದೆ, ಅಂದರೆ ಬೇರೆ ಬ್ಯಾಂಕಿನ ಚೆಕ್‌ಗಳನ್ನು ಆ ಬ್ಯಾಂಕಿಗೆ ಕಳಿಸಿ ದುಡ್ಡು ತರಿಸುವ ಕಡೆ. ನೀವು ಬರೆದದ್ದನ್ನು ಓದುತ್ತಾ ಓದುತ್ತಾ ಮುಂದಿನ ಸಾಲು ಏನು ಅಂತ ನನಗೆ ಮೊದಲೇ ಗೊತ್ತಾಗುತ್ತಿತ್ತು. ಹಡಗು, ಸಾಗಣೆಯವನು, ತಪ್ಪು ಮಾಡಿದ ಸೆಕ್ರೆಟರಿ. ಹಡಗಿನ ಬದಲು ಸೇನೆ ಇರಬಹುದು, ಎಣ್ಣೆ ಬಾವಿ ಇರಬಹುದು. ಎಲ್ಲೇ ಇದ್ದರೂ ಫೋನ್ ಎತ್ತಲಾಗದ, ಬಂದು ಗಾಡಿ ನೋಡಲಾಗದ ಜಾಗವೇ ಆಗಿರುತ್ತದೆ.

ನಿಮ್ಮ ಮನೆಯವರು ಹೇಳಿದ ಮಾತು ಇದೆಯಲ್ಲ, "ಬ್ಯಾಂಕಿನವರೇ ದುಡ್ಡು ಹಾಕಿದ್ದಾರೆ" ಅಂತ. ಈ ಮೋಸ ನಿಂತಿರುವುದೇ ಆ ಒಂದು ಮಾತಿನ ಮೇಲೆ. ಹಾಗಾಗಿ ಅದನ್ನೇ ಮೊದಲು ಬಿಡಿಸುತ್ತೇನೆ.

ನೀವು ಚೆಕ್ ಹಾಕಿದಾಗ ನಿಮ್ಮ ಬ್ಯಾಂಕಿನ ಕೈಯಲ್ಲಿ ಇರುವುದು ಬರೀ ಕಾಗದ, ಇಲ್ಲವೇ ಅದರ ಫೋಟೋ. ದುಡ್ಡು ಇರುವುದು ಇನ್ನೊಂದು ಬ್ಯಾಂಕಿನಲ್ಲಿ. ಆ ಬ್ಯಾಂಕು ನೋಡಿ, ಖಾತೆ ಸರಿಯಿದೆ, ಸಹಿ ಸರಿಯಿದೆ, ಈ ಚೆಕ್ ನಾವೇ ಕೊಟ್ಟಿದ್ದು ಅಂತ ಒಪ್ಪಬೇಕು. ಅಷ್ಟರವರೆಗೆ ನಿಮ್ಮ ಖಾತೆಯಲ್ಲಿ ಕಾಣುವ 138 ಇದೆಯಲ್ಲ, ಅದು ನಿಮ್ಮ ಬ್ಯಾಂಕು ನಿಮ್ಮ ಮೇಲೆ ನಂಬಿಕೆ ಇಟ್ಟು ಕೊಟ್ಟ ಕೈಗಡ. ಆ್ಯಪ್‌ನಲ್ಲಿ ಕೈಗಡ ಅಂತ ಬರೆದಿರುವುದಿಲ್ಲ, ಅಷ್ಟೇ. ಜಮಾ ಆಗುವುದು ಬೇರೆ, ಪಾಸ್ ಆಗುವುದು ಬೇರೆ.

ಅಷ್ಟು ಬೇಗ ಯಾಕೆ ಕೊಡುತ್ತಾರೆ ಅಂತ ಕೇಳಬಹುದು. ಒಂದು ಕಾಲದಲ್ಲಿ ಬ್ಯಾಂಕುಗಳು ಗ್ರಾಹಕರ ಚೆಕ್ ದುಡ್ಡನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತಿದ್ದವು. ಜನ ರೊಚ್ಚಿಗೆದ್ದರು. ಅಮೆರಿಕದಲ್ಲಿ 1987ರಲ್ಲಿ ಇದಕ್ಕೇ ಒಂದು ಕಾಯಿದೆ ಆಯಿತು. ಇಂಥ ಚೆಕ್‌ಗೆ ಇಷ್ಟು ದಿನದೊಳಗೆ ದುಡ್ಡು ತೆಗೆಯಲು ಬಿಡಬೇಕು ಅಂತ ಬ್ಯಾಂಕುಗಳಿಗೆ ಗಡುವು ಹಾಕಿದರು. ಗ್ರಾಹಕರಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದು. ಆದರೆ ದುಡ್ಡು ಕೈಗೆ ಸಿಗುವ ದಿನಕ್ಕೂ ಚೆಕ್ ನಕಲಿ ಅಂತ ಗೊತ್ತಾಗುವ ದಿನಕ್ಕೂ ನಡುವೆ ಒಂದು ಸಂದು ಉಳಿಯಿತು. ಕಳ್ಳ ಬದುಕುವುದೇ ಆ ಸಂದಿನಲ್ಲಿ. ನಕಲಿ ಅಂತ ತಿಳಿಯಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ ಅಂತ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹೇಳುತ್ತಲೇ ಇದೆ.

ಎಲ್ಲ ಕಡೆ ನಿಯಮ ಒಂದೇ ಅಲ್ಲ. ಬ್ರಿಟನ್‌ನಲ್ಲಿ 2017ರಿಂದ ಚೆಕ್‌ನ ಚಿತ್ರ ಕಳಿಸಿ ಕ್ಲಿಯರ್ ಮಾಡುವ ಪದ್ಧತಿ ಶುರುವಾಯಿತು. ಅದರಲ್ಲಿ ಮುಂದಿನ ಕೆಲಸದ ದಿನ ಮುಗಿಯುವುದರೊಳಗೆ ಪಾಸೋ ಫೇಲೋ ಗೊತ್ತಾಗುತ್ತದೆ. ನೀವು ಇರುವ ಕಡೆ ಹೇಗೆ ಅಂತ ನಿಮ್ಮ ಬ್ಯಾಂಕನ್ನೇ ಕೇಳಿ. ಆದರೆ ಕೇಳುವ ರೀತಿ ಮುಖ್ಯ. "ದುಡ್ಡು ಬಂದಿದೆಯಾ?" ಅಂತ ಕೇಳಿದರೆ ಕೌಂಟರ್‌ನಲ್ಲಿ ಕೂತ ಹುಡುಗ ಸ್ಕ್ರೀನ್ ನೋಡಿ "ಬಂದಿದೆ" ಅನ್ನುತ್ತಾನೆ. ಅವನದ್ದು ತಪ್ಪಲ್ಲ, ನಾನೂ ಹಾಗೆಯೇ ಹೇಳಿದ್ದೇನೆ. "ಈ ಚೆಕ್ ಬರೆದ ಬ್ಯಾಂಕು ದುಡ್ಡು ಕೊಟ್ಟಾಯಿತಾ? ಇನ್ನು ಮೇಲೆ ಇದು ವಾಪಸ್ ಬರಬಹುದಾ?" ಅಂತ ಕೇಳಿ. ಆಗ ಅವನು ಎದ್ದು ಒಳಗೆ ಹೋಗುತ್ತಾನೆ.

ಇನ್ನೊಂದು ವಿಷಯ. ನಿಮ್ಮ ಕಾರಿನ ಬಗ್ಗೆ ಆತ ಒಂದಾದರೂ ಪ್ರಶ್ನೆ ಕೇಳಿದನಾ? ಎಷ್ಟು ಕಿಲೋಮೀಟರ್ ಓಡಿದೆ, ಟೈರ್ ಹೇಗಿದೆ, ಆ ಗೀರು ಹೇಗಾಯಿತು? "ಐಟಂ" ಅಂತ ಬರೆದಿದ್ದಾನಲ್ಲ, ಕಾರು ಅಂತ ಕೂಡ ಬರೆದಿಲ್ಲ. ಯಾಕೆಂದರೆ ಅದೇ ಮೆಸೇಜ್ ಸೋಫಾ ಮಾರುವವರಿಗೂ ಪಿಯಾನೊ ಮಾರುವವರಿಗೂ ಹೋಗಿರುತ್ತದೆ. ಆತನಿಗೆ ನಿಮ್ಮ ಕಾರು ಬೇಕಾಗಿಯೇ ಇಲ್ಲ. ಅದನ್ನು ಎತ್ತಿಕೊಂಡು ಹೋಗಲು ಯಾರೂ ಬರುವುದೂ ಇಲ್ಲ. ಆತನ ಕಣ್ಣಿರುವುದು ಆ 35ರ ಮೇಲೆ. ಕಾಗದ ಕೊಟ್ಟು ನಿಮ್ಮ ಅಸಲಿ ದುಡ್ಡು ಕೊಂಡುಕೊಳ್ಳುತ್ತಿದ್ದಾನೆ.

ಬಿಳಿಕಾರು

ಕೌಂಟರ್‌ಮೂರು ಸರ್, ಓದಿ ಬೆವರು ಬಂತು. ನಿಜ, ಗೀರಿನ ಬಗ್ಗೆ ಆತ ಕೇಳಲೇ ಇಲ್ಲ. ಕೇಳಲಿಲ್ಲವಲ್ಲ ಅಂತ ನಾನೇ ಖುಷಿಪಟ್ಟಿದ್ದೆ.

ಆದರೆ ಒಂದು ಮಾತು. ಚೆಕ್ ಹಾಕುವ ಮೊದಲು ನಾನೂ ಪರೀಕ್ಷೆ ಮಾಡಿದ್ದೆ. ಅದರ ಮೇಲೆ ಬ್ಯಾಂಕಿನ ಫೋನ್ ನಂಬರ್ ಅಚ್ಚಾಗಿತ್ತು. ಫೋನ್ ಮಾಡಿದೆ. ಒಬ್ಬ ಹೆಂಗಸು ಎತ್ತಿ ಬ್ಯಾಂಕಿನ ಹೆಸರು ಹೇಳಿ, ಚೆಕ್ ನಂಬರ್ ಕೇಳಿ, "ಹೌದು, ಖಾತೆಯಲ್ಲಿ ಸಾಕಷ್ಟು ದುಡ್ಡಿದೆ" ಅಂದರು. ಅದೂ ಸುಳ್ಳಾ? ಚೆಕ್ ಕೂಡ ಮಾಮೂಲಿ ಚೆಕ್ ಅಲ್ಲ, ಬ್ಯಾಂಕೇ ಬರೆದುಕೊಡುತ್ತದಲ್ಲ, ಡ್ರಾಫ್ಟ್ ಥರದ್ದು. ಬೆಳಕಿಗೆ ಹಿಡಿದರೆ ನೀರಚ್ಚು ಕೂಡ ಕಾಣುತ್ತಿತ್ತು.

ಕೌಂಟರ್‌ಮೂರು

ಚೆಕ್ ಅಚ್ಚು ಹಾಕಿದವನೇ ಫೋನ್ ನಂಬರನ್ನೂ ಅಚ್ಚು ಹಾಕಿದ್ದಾನೆ ಅಲ್ವಾ? ನಿಮ್ಮ ಫೋನ್ ಎತ್ತಿದ್ದು ಅವರ ಕಡೆಯವರೇ. ಬ್ಯಾಂಕಿಗೆ ಫೋನ್ ಮಾಡುವುದಾದರೆ ಚೆಕ್ ಮೇಲಿನ ನಂಬರ್ ಬೇಡ, ಇಮೇಲ್‌ನಲ್ಲಿ ಬಂದ ನಂಬರ್ ಬೇಡ. ಆ ಬ್ಯಾಂಕಿನ ವೆಬ್‌ಸೈಟ್‌ಗೆ ನೀವೇ ಹೋಗಿ ನಂಬರ್ ಹುಡುಕಿ. ಫೋನ್ ಮಾಡಿ "ಖಾತೆಯಲ್ಲಿ ದುಡ್ಡಿದೆಯಾ" ಅಂತ ಕೇಳಬೇಡಿ. ಖಾತೆ ನಿಜವೇ ಇರುತ್ತದೆ, ದುಡ್ಡೂ ಇರುತ್ತದೆ. ಯಾವುದೋ ಪಾಪದ ಕಂಪನಿಯ ಖಾತೆ ಸಂಖ್ಯೆ ಕದ್ದು ಅಚ್ಚು ಹಾಕಿರುತ್ತಾರೆ. "ಈ ನಂಬರಿನ ಚೆಕ್ಕನ್ನು, ಈ ತಾರೀಖಿಗೆ, ಈ ಮೊತ್ತಕ್ಕೆ, ಈ ಹೆಸರಿಗೆ ನೀವು ಕೊಟ್ಟಿದ್ದೀರಾ?" ಅಂತ ಕೇಳಬೇಕು.

ಡ್ರಾಫ್ಟ್ ಥರದ್ದು ಅಂದಿರಲ್ಲ, ಅದನ್ನೇ ಅವರು ಬೇಕು ಅಂತ ಆರಿಸುತ್ತಾರೆ. ಮಾಮೂಲಿ ಚೆಕ್ ಆದರೆ ಬೌನ್ಸ್ ಆಗಬಹುದು ಅಂತ ಎಲ್ಲರಿಗೂ ಗೊತ್ತು. ಬ್ಯಾಂಕೇ ಬರೆದ ಚೆಕ್ ಅಂದರೆ ಜನ ಕಣ್ಣು ಮುಚ್ಚಿ ನಂಬುತ್ತಾರೆ. ಅಸಲಿಯಾದರೆ ನಂಬಬಹುದು ಕೂಡ. ನಕಲಿಯಾದರೆ ಅದು ಬ್ಯಾಂಕಿನದ್ದೇ ಅಲ್ಲವಲ್ಲ.

ಕಣ್ಣಲ್ಲಿ ನೋಡಿ ಪತ್ತೆ ಮಾಡಬಹುದಾ ಅಂತ ಸುಮಾರು ಜನ ಕೇಳುತ್ತಾರೆ. ಕೆಲವು ಗುರುತು ಇವೆ. ಚೆಕ್‌ನ ಕೆಳಗಡೆ ಒಂದು ಸಾಲು ಅಂಕೆಗಳಿವೆಯಲ್ಲ, ಸ್ವಲ್ಪ ವಿಚಿತ್ರ ಆಕಾರದವು? ಆ ಅಕ್ಷರಕ್ಕೆ ಇ-13ಬಿ ಅಂತ ಹೆಸರು. ಅದನ್ನು ಅಯಸ್ಕಾಂತದ ಗುಣ ಇರುವ ಮಸಿಯಲ್ಲಿ ಅಚ್ಚು ಹಾಕುತ್ತಾರೆ, ಯಂತ್ರ ಓದಲಿ ಅಂತ. ಆ ಮಸಿ ಮಂಕಾಗಿರುತ್ತದೆ. ಬೆಳಕಿಗೆ ವಾರೆ ಹಿಡಿದಾಗ ಅದು ಮಿಂಚಿದರೆ ಅನುಮಾನ ಪಡಬೇಕು. ಸಹಿ ಹಾಕುವ ಗೆರೆಯನ್ನು ಭೂತಕನ್ನಡಿಯಲ್ಲಿ ನೋಡಿದರೆ ಎಷ್ಟೋ ಚೆಕ್‌ಗಳಲ್ಲಿ ಅದು ಗೆರೆಯೇ ಅಲ್ಲ, ಸಣ್ಣ ಅಕ್ಷರಗಳ ಸಾಲು. ನಕಲಿನಲ್ಲಿ ಅದು ಕಲಸಿಕೊಂಡು ಬರೀ ಗೀಟಾಗುತ್ತದೆ.

ನನ್ನ ಕೌಂಟರ್‌ಗೆ ಒಮ್ಮೆ ಒಂದು ಚೆಕ್ ಬಂದಿತ್ತು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ನಾನು ಅದನ್ನು ಪಕ್ಕದವರಿಗೆ ತೋರಿಸಿದೆ. ನೀರಚ್ಚು, ಬಣ್ಣ, ಅಂಚು ಎಲ್ಲ ಸರಿಯಾಗಿತ್ತು. ಕೆಳಗಿನ ಅಂಕೆಗಳಲ್ಲಿ ಮಾತ್ರ ಮೇಲೆ ಬರೆದ ಬ್ಯಾಂಕಿನ ಸಂಕೇತವೇ ಇರಲಿಲ್ಲ, ಬೇರೆ ಬ್ಯಾಂಕಿನದ್ದಿತ್ತು. ಮೊದಲು ನಾನು ಕಳ್ಳ ಎಡವಿದ್ದಾನೆ ಅಂದುಕೊಂಡೆ. ಆಮೇಲೆ ನಮ್ಮ ಹಿರಿಯರು ವಿವರಿಸಿದರು. ಅದು ಬೇಕಂತಲೇ ಮಾಡಿದ ಕೆಲಸ. ಯಂತ್ರ ಅಂಕೆ ನೋಡಿ ಚೆಕ್ಕನ್ನು ತಪ್ಪು ಬ್ಯಾಂಕಿಗೆ ಕಳಿಸುತ್ತದೆ. ಅವರು ನಮ್ಮದಲ್ಲ ಅಂತ ವಾಪಸ್ ಕಳಿಸುತ್ತಾರೆ. ಆಮೇಲೆ ಸರಿಯಾದ ಕಡೆಗೆ ಹೋಗಬೇಕು. ಅಷ್ಟರಲ್ಲಿ ಕಳ್ಳನಿಗೆ ಇನ್ನೂ ನಾಲ್ಕು ದಿನ ಸಿಕ್ಕಿರುತ್ತದೆ. ಅವನಿಗೆ ಬೇಕಾದ್ದೂ ಅಷ್ಟೇ.

ಅದಕ್ಕೇ ಹೇಳುತ್ತೇನೆ, ಚೆಕ್ ಅಸಲಿಯೋ ನಕಲಿಯೋ ಅಂತ ಪತ್ತೇದಾರಿಕೆ ಮಾಡಲು ಹೋಗಬೇಡಿ. 26 ವರ್ಷ ನೋಡಿದ ನನಗೇ ಅದು ಖಾತ್ರಿಯಾಗಿ ಬರುವುದಿಲ್ಲ. ನೋಡಬೇಕಾದ್ದು ಒಂದೇ. ಮಾರುವವನಿಗೆ ಕೊಳ್ಳುವವನು ದುಡ್ಡು ಕೊಡಬೇಕು. ಮಾರುವವನೇ ತಿರುಗಿ ದುಡ್ಡು ಕಳಿಸುವ ಮಾತು ಎಲ್ಲಿ ಬಂತೋ ಅಲ್ಲಿಗೆ ವ್ಯಾಪಾರ ಮುಗಿಯಿತು.

ಒಮ್ಮೆ_ಸುಟ್ಟ_ಕೈ

ಕೌಂಟರ್‌ಮೂರು ಹೇಳಿದ ಆ ಸಂದಿನಲ್ಲಿ ಬಿದ್ದವಳು ನಾನು. 6 ವರ್ಷ ಆಯಿತು. ಈಗಲೂ ಬರೆಯುವಾಗ ನಾಚಿಕೆ ಆಗುತ್ತದೆ.

ನನ್ನದೂ ಹೆಚ್ಚುಕಡಿಮೆ ಇದೇ ಕಥೆ. ಕಾರು ಮಾರುತ್ತಿದ್ದೆ, ಚೆಕ್ ಜಾಸ್ತಿ ಬಂತು. ಆತ ನನ್ನ ಹತ್ತಿರ ಒಂದು ವಾರ ಮಾತಾಡಿದ್ದ. ಅಮ್ಮನ ಆರೋಗ್ಯ ಕೇಳುತ್ತಿದ್ದ. ಚೆಕ್ ಜಮಾ ಆಗಿ 2 ದಿನ ಕಾದೆ ಕೂಡ, ಜಾಣತನ ಅಂದುಕೊಂಡು. ಆಮೇಲೆ ಕಳಿಸಿದೆ. ಕೌಂಟರ್‌ನಲ್ಲಿದ್ದವರು "ನೀವು ದುಡ್ಡು ಕಳಿಸುತ್ತಿರುವುದು ನಿಮಗೆ ಗೊತ್ತಿರುವವರಿಗಾ?" ಅಂತ ಕೇಳಿದರು. ಹೂಂ ಅಂದೆ. ಹಾಗೆ ಹೇಳು ಅಂತ ಆತನೇ ಹೇಳಿಕೊಟ್ಟಿದ್ದ. "ಇಲ್ಲದಿದ್ದರೆ ಸುಮ್ನೆ ಫಾರಂ ತುಂಬಿಸುತ್ತಾರೆ" ಅಂತ.

11ನೇ ದಿನ ಬೆಳಗ್ಗೆ ಎದ್ದು ನೋಡಿದರೆ ಖಾತೆಯಲ್ಲಿ ಮೈನಸ್. ಚೆಕ್ ನಕಲಿ ಅಂತ ವಾಪಸ್ ಬಂದಿತ್ತು. ಬ್ಯಾಂಕು ಚೆಕ್‌ನ ಮೊತ್ತವನ್ನೆಲ್ಲಾ ಎಳೆದುಕೊಂಡಿತ್ತು. ನಾನು ಕಳಿಸಿದ್ದು ನನ್ನ ಸ್ವಂತ ದುಡ್ಡು ಅಂತ ಆಗ ಅರ್ಥ ಆಯಿತು. ಮೇಲೆ ಚೆಕ್ ವಾಪಸ್ ಬಂದಿದ್ದಕ್ಕೆ ದಂಡ ಬೇರೆ. ಬ್ಯಾಂಕಿಗೆ ಹೋಗಿ ಅತ್ತೆ. "ನೀವೇ ಹಾಕಿದ ಚೆಕ್, ನೀವೇ ತೆಗೆದ ದುಡ್ಡು" ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಅಂತ ಆಗ ಅನ್ನಿಸಿತ್ತು. ಈಗ ಯೋಚಿಸಿದರೆ ಅವರು ಹೇಳಿದ್ದು ನಿಯಮದ ಪ್ರಕಾರ ಸರಿಯೇ. ಆದರೆ ಹೇಳಿದ ರೀತಿ ಸರಿ ಇರಲಿಲ್ಲ. ನನ್ನನ್ನೇ ಕಳ್ಳಿಯ ಥರ ನೋಡಿದರು, ಒಂದಿಷ್ಟು ದಿನ ಖಾತೆಯನ್ನೂ ತಡೆಹಿಡಿದರು.

ಒಂದು ಸಣ್ಣ ವಿಷಯ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಆತ ನನಗೆ ಯಾವತ್ತೂ ದುಡ್ಡು ಕೊಡು ಅಂತ ಕೇಳಲೇ ಇಲ್ಲ. "ನನ್ನ ದುಡ್ಡು ನಿಮ್ಮ ಹತ್ತಿರ ಉಳಿದುಬಿಟ್ಟಿದೆ" ಅನ್ನುತ್ತಿದ್ದ. ಬೇರೆಯವರ ದುಡ್ಡು ನನ್ನ ಹತ್ತಿರ ಇದೆ ಅನ್ನುವ ಸಂಕೋಚಕ್ಕೇ ನಾನು ಓಡಿಹೋಗಿ ಕಳಿಸಿದೆ. ಆಸೆಬುರುಕರು ಮೋಸ ಹೋಗುತ್ತಾರೆ ಅಂತ ಜನ ಹೇಳುವಾಗ ನನಗೆ ಉರಿಯುತ್ತದೆ. ನಾನು ಮೋಸ ಹೋದದ್ದು ದುಡ್ಡು ಹಿಂದಿರುಗಿಸುವ ಅವಸರದಲ್ಲಿ.

ದಾರಿಹೋಕ

ಇಷ್ಟೆಲ್ಲಾ ಯಾಕೆ? ನಗದು ತಗೊಳ್ಳಿ, ಕೀ ಕೊಡಿ, ಮುಗೀತು.

ಸ್ಟೆಪ್ನಿ

ದಾರಿಹೋಕ, ಅಷ್ಟು ನಗದು ಹಿಡಿದುಕೊಂಡು ಅಪರಿಚಿತರ ಜೊತೆ ನಿಲ್ಲುವುದೂ ಒಂದು ತಲೆನೋವೇ. ಖೋಟಾ ನೋಟು ಇರಬಹುದು. ಹೋಗುವಾಗ ಕಿತ್ತುಕೊಳ್ಳಬಹುದು. ನಗದೇ ಆಗಬೇಕು ಅಂದರೆ ಬ್ಯಾಂಕಿನ ಒಳಗೇ ಎಣಿಸಿ, ಅಲ್ಲೇ ನಿಮ್ಮ ಖಾತೆಗೆ ಕಟ್ಟಿಸಿ.

ನಾನು ವ್ಯಾಪಾರಿ ಅಲ್ಲ, ಹಳೇ ಗಾಡಿ ಹುಚ್ಚು. ಇದುವರೆಗೆ 14 ಗಾಡಿ ಕೊಂಡು ಮಾರಿದ್ದೇನೆ. ನನ್ನ ಪದ್ಧತಿ ಹೇಳುತ್ತೇನೆ.

ಗಾಡಿ ನೋಡಲು ಬಾರದವನಿಗೆ ನಾನು ಮಾರುವುದಿಲ್ಲ. ದೂರದಲ್ಲಿದ್ದರೆ ಅವರ ಸ್ನೇಹಿತನೋ ಮೆಕ್ಯಾನಿಕ್ಕೋ ಬಂದು ನೋಡಲಿ. ನಿಜವಾಗಿ ಕೊಳ್ಳುವವನು ಬಂದರೆ ಗೊತ್ತಾಗುತ್ತದೆ. ಬಾನೆಟ್ ತೆಗೆಸುತ್ತಾನೆ, ಮ್ಯಾಟ್ ಎತ್ತಿ ತುಕ್ಕು ನೋಡುತ್ತಾನೆ, ಕೂತು ಎದ್ದು ಬಾಗಿಲು ನಾಲ್ಕು ಸಲ ಹಾಕಿ ನೋಡುತ್ತಾನೆ. ಚೌಕಾಸಿ ಮಾಡಿ ಜೀವ ತಿನ್ನುತ್ತಾನೆ. ಆ ಕಿರಿಕಿರಿಯೇ ನನಗೆ ಸಮಾಧಾನ.

ದುಡ್ಡಿನ ದಿನ, ಕೊಳ್ಳುವವನ ಬ್ಯಾಂಕಿಗೆ ಇಬ್ಬರೂ ಹೋಗುತ್ತೇವೆ. ನನ್ನ ಕಣ್ಣೆದುರಿಗೇ ಕೌಂಟರ್‌ನವರು ಚೆಕ್ ಅಚ್ಚು ಹಾಕಿ ಕೊಡಬೇಕು, ಇಲ್ಲವೇ ಅಲ್ಲಿಂದಲೇ ನನ್ನ ಖಾತೆಗೆ ವರ್ಗ ಮಾಡಬೇಕು. ವರ್ಗ ಮಾಡಿದೆ ಅಂತ ಅವರ ಫೋನಿನ ಸ್ಕ್ರೀನ್‌ಶಾಟ್ ತೋರಿಸಿದರೆ ನಾನು ನೋಡುವುದೂ ಇಲ್ಲ. ನನಗೆ ಬಂದ ಎಸ್‌ಎಂಎಸ್‌ ಕೂಡ ನಂಬುವುದಿಲ್ಲ, ಅದನ್ನೂ ಯಾರು ಬೇಕಾದರೂ ಬ್ಯಾಂಕಿನ ಹೆಸರಲ್ಲಿ ಕಳಿಸಬಹುದು. ನನ್ನ ಆ್ಯಪ್ ನಾನೇ ತೆಗೆದು ನೋಡುತ್ತೇನೆ.

ಶುಕ್ರವಾರ ಮಧ್ಯಾಹ್ನದ ಮೇಲೆ, ರಜೆಯ ಹಿಂದಿನ ದಿನ ಚೆಕ್ ತೆಗೆದುಕೊಂಡು ಕೀ ಕೊಡುವುದಿಲ್ಲ. ಬ್ಯಾಂಕು ಮುಚ್ಚಿರುವ ಹೊತ್ತು ನೋಡಿಯೇ ಕೆಲವರು ಬರುತ್ತಾರೆ. ಸೋಮವಾರ ಚೆಕ್ ನಕಲಿ ಅಂತ ಗೊತ್ತಾಗುವಾಗ ಗಾಡಿ ಎಲ್ಲಿರುತ್ತದೋ. ಗಾಡಿಯ ಮಾಲೀಕತ್ವದ ಕಾಗದಕ್ಕೂ ಅಷ್ಟೇ. ದುಡ್ಡು ಪಕ್ಕಾ ಆಗುವವರೆಗೆ ಸಹಿ ಇಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಅನ್ನುತ್ತಾರಲ್ಲ, ಅದು ಕಾರಿನ ವಿಷಯದಲ್ಲಿ ಇನ್ನೂ ನಿಜ.

ನಿಜವಾಗಿ ಯಾರಾದರೂ ತಪ್ಪಿ ಜಾಸ್ತಿ ಮೊತ್ತ ಬರೆದಿದ್ದರೆ? ಒಮ್ಮೆ ಆಗಿತ್ತು ನನಗೆ. ಚೆಕ್ ಹಾಕಲಿಲ್ಲ. ವಾಪಸ್ ಕೊಟ್ಟು "ಸರಿಯಾದ ಮೊತ್ತಕ್ಕೆ ಬೇರೆ ಬರೆದುಕೊಡಿ" ಅಂದೆ. ಆತ ಪಾಪ ನಾಚಿಕೊಂಡು ಅಲ್ಲೇ ಬರೆದುಕೊಟ್ಟ. 2 ನಿಮಿಷದ ಕೆಲಸ. ಕಳ್ಳನಿಗೆ ಈ ಮಾತು ಹೇಳಿ ನೋಡಿ, ಚೆಕ್ ಹಿಂದಕ್ಕೆ ಕಳಿಸಬೇಡಿ ಅಂತ ನೂರು ನೆಪ ಹೇಳುತ್ತಾನೆ.

ಕೌಂಟರ್‌ಮೂರು

ಸ್ಟೆಪ್ನಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಈಗ ಇದೇ ಆಟ ಚೆಕ್ ಇಲ್ಲದೆಯೂ ನಡೆಯುತ್ತದೆ. ಹ್ಯಾಕ್ ಮಾಡಿದ ಯಾರದ್ದೋ ಖಾತೆಯಿಂದ ನಿಮಗೆ ಜಾಸ್ತಿ ದುಡ್ಡು ಬೀಳುತ್ತದೆ. "ತಪ್ಪಿ ಹೋಯಿತು, ಈ ಬೇರೆ ಖಾತೆಗೆ ವಾಪಸ್ ಹಾಕಿ" ಅನ್ನುತ್ತಾರೆ. ಅಸಲಿ ಮಾಲೀಕ ದೂರು ಕೊಟ್ಟಾಗ ಮೊದಲ ದುಡ್ಡನ್ನು ಬ್ಯಾಂಕು ಹಿಂದಕ್ಕೆ ಎಳೆಯುತ್ತದೆ. ನೀವು ಹಾಕಿದ್ದು ಹೋಯಿತು. ಇನ್ನು ಕೆಲವು ಸಲ ದುಡ್ಡೇ ಬಿದ್ದಿರುವುದಿಲ್ಲ, ಬರೀ ಇಮೇಲ್. "ನಿಮ್ಮ ಖಾತೆಯನ್ನು ವ್ಯಾಪಾರದ ಖಾತೆ ಮಾಡಬೇಕು, ಕೊಳ್ಳುವವರು ಅದಕ್ಕೆ ಜಾಸ್ತಿ ಕಟ್ಟಿದ್ದಾರೆ, ಅದನ್ನು ಅವರಿಗೆ ಹಿಂದಿರುಗಿಸಿ" ಅಂತ ಪಾವತಿ ಕಂಪನಿಯ ಹೆಸರಿನಲ್ಲೇ ಬರುತ್ತದೆ. ವೇಷ ಬೇರೆ, ಒಳಗಿನ ಆಟ ಅದೇ. ತಪ್ಪಿ ಬಂದ ದುಡ್ಡನ್ನು ನೀವಾಗಿ ಕಳಿಸಬೇಡಿ. ಬ್ಯಾಂಕಿಗೆ ತಿಳಿಸಿ, ಬಂದ ದಾರಿಯಲ್ಲೇ ಅವರೇ ಹಿಂದಕ್ಕೆ ಕಳಿಸಲಿ.

ಬಿಳಿಕಾರು, ನೀವು ಈಗ ಮಾಡಬೇಕಾದ್ದು: ಆ 138 ಮುಟ್ಟಬೇಡಿ. ನಿಮ್ಮ ಬ್ಯಾಂಕಿಗೆ ಇವತ್ತೇ ಹೋಗಿ, ಬ್ಯಾಂಕು ಕೇಳುವ ಮೊದಲೇ ನೀವು ಹೇಳಿ. ನಾನು ಕಂಡಂತೆ, ತಾನಾಗಿ ಬಂದು ಹೇಳಿದ ಗ್ರಾಹಕನನ್ನು ನೋಡುವ ರೀತಿಯೇ ಬೇರೆ. ಚೆಕ್‌ನ ಫೋಟೋ, ಕೊರಿಯರ್ ಕವರ್, ಇಮೇಲ್ ಎಲ್ಲ ಇಟ್ಟುಕೊಳ್ಳಿ, ಪೊಲೀಸರಿಗೆ ದೂರು ಕೊಡುವಾಗ ಬೇಕು. ಕವರ್ ಎಸೆದುಬಿಡಬೇಡಿ, ಸುಮಾರು ಜನ ಅದನ್ನೇ ಎಸೆಯುತ್ತಾರೆ. ಆ ಕಳ್ಳನಿಗೆ ಬೈದು ಬರೆಯಬೇಡಿ. ನಿಮ್ಮ ಮನೆ ವಿಳಾಸ ಅವನ ಹತ್ತಿರ ಇದೆ. ಸುಮ್ಮನಾಗಿ.

ಈಗಾಗಲೇ ಕಳಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲು ಯಾವ ಸಂಸ್ಥೆಯ ಮೂಲಕ ಕಳಿಸಿದಿರೋ ಅವರಿಗೆ ಫೋನ್ ಮಾಡಿ. ಅತ್ತ ಕಡೆ ಇನ್ನೂ ಬಿಡಿಸಿಕೊಂಡಿರದಿದ್ದರೆ ತಡೆಯಲು ಆಗಬಹುದು. ಗಂಟೆಗಳ ಲೆಕ್ಕ ಅದು. ಬ್ಯಾಂಕಿಗೆ ಆಮೇಲೆ ಹೋಗಿ.

ಬಿಳಿಕಾರು

ಹೋಗಿ ಬಂದೆ.

ಕೌಂಟರ್‌ಮೂರು ಸರ್ ಹೇಳಿದ ಪ್ರಶ್ನೆಯನ್ನೇ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಕೌಂಟರ್‌ನ ಹುಡುಗಿ ಮೊದಲು "ಬಂದಿದೆ ಸರ್, ತೆಗೆಯಬಹುದು" ಅಂದಳು. ಚೀಟಿ ನೋಡಿ ಎರಡನೇ ಪ್ರಶ್ನೆ ಕೇಳಿದೆ. ನೀವು ಹೇಳಿದ ಹಾಗೆಯೇ, ಎದ್ದು ಒಳಗೆ ಹೋದಳು. 20 ನಿಮಿಷ ಕೂತಿದ್ದೆ. ಮ್ಯಾನೇಜರ್ ಹೊರಗೆ ಬಂದು ನನ್ನನ್ನು ಒಳಗೆ ಕರೆದರು. ಚೆಕ್ ಮೇಲಿದ್ದ ಬ್ಯಾಂಕಿಗೆ ಅವರೇ ಫೋನ್ ಮಾಡಿದ್ದರು. ಕಂಪನಿ ನಿಜ, ಖಾತೆ ನಿಜ. ಆದರೆ ಆ ನಂಬರಿನ ಚೆಕ್ಕನ್ನು ಆ ಬ್ಯಾಂಕು ಬರೆದೇ ಇಲ್ಲ. ನಾನು ಹೇಳುವ ಹೊತ್ತಿಗೆ ಅದೇ ಕಂಪನಿಯ ಖಾತೆಯ ಮೇಲೆ ಬಂದ ಎರಡನೇ ನಕಲಿ ಚೆಕ್ ಅದಂತೆ.

138 ಈಗ ನನ್ನ ಖಾತೆಯಲ್ಲಿ ಬೂದು ಬಣ್ಣಕ್ಕೆ ತಿರುಗಿದೆ. ಪೊಲೀಸ್ ದೂರು ಕೊಟ್ಟೆ. ಕವರ್ ಕಸದ ಬುಟ್ಟಿಯಲ್ಲಿತ್ತು, ಪುಣ್ಯಕ್ಕೆ ಇನ್ನೂ ಖಾಲಿ ಮಾಡಿರಲಿಲ್ಲ.

ಆತನಿಗೆ ಬೈಯಲಿಲ್ಲ. ಆದರೆ ಸ್ಟೆಪ್ನಿಯವರ ಮಾತು ಪರೀಕ್ಷೆ ಮಾಡೋಣ ಅಂತ ಒಂದೇ ಸಾಲು ಬರೆದೆ: "ಚೆಕ್ ವಾಪಸ್ ಕಳಿಸುತ್ತೇನೆ, ಸರಿಯಾದ ಮೊತ್ತಕ್ಕೆ ಬೇರೆ ಕಳಿಸಿ." 9 ನಿಮಿಷದಲ್ಲಿ ಉತ್ತರ ಬಂತು. ಸೆಕ್ರೆಟರಿ ಆಸ್ಪತ್ರೆಯಲ್ಲಿದ್ದಾರಂತೆ. ಸಮುದ್ರದ ನಡುವೆ ಸಿಗ್ನಲ್ ಸಿಗದವರಿಗೆ 9 ನಿಮಿಷ ಬೇಗವೇ ಆಯಿತು.

ಒಮ್ಮೆ_ಸುಟ್ಟ_ಕೈ

ಆಸ್ಪತ್ರೆಯಲ್ಲಿದ್ದಾರಾ! ನನ್ನ ಕಾಲದಲ್ಲಿ ಸೆಕ್ರೆಟರಿ ಹೆರಿಗೆ ರಜೆಯಲ್ಲಿದ್ದರು.

ನಿಮ್ಮ ದುಡ್ಡು ಉಳಿಯಿತಲ್ಲ, ಸಾಕು. ಕಾರು ಏನಾಯಿತು?

ಬಿಳಿಕಾರು

ಜಾಹೀರಾತು ಮತ್ತೆ ಹಾಕಿದೆ. 8 ದಿನಕ್ಕೆ ಒಬ್ಬರು ಬಂದರು, ಜೊತೆಗೆ ಮೆಕ್ಯಾನಿಕ್. ಗಾಡಿ ಕೆಳಗೆ ಮಲಗಿ ನೋಡಿದರು. ಬಾಗಿಲ ಗೀರನ್ನು ಉಗುರಿನಲ್ಲಿ ಕೆರೆದು "ಇದಕ್ಕೆಷ್ಟು ಕಡಿಮೆ ಮಾಡುತ್ತೀರಿ?" ಅಂತ ಮುಕ್ಕಾಲು ಗಂಟೆ ಜಗ್ಗಿದರು. ಕೊನೆಗೆ 91ಕ್ಕೆ ಒಪ್ಪಿದೆ. ಗುರುವಾರ ಬೆಳಗ್ಗೆ ಅವರ ಬ್ಯಾಂಕಿಗೆ ಒಟ್ಟಿಗೆ ಹೋದೆವು. ನನ್ನ ಆ್ಯಪ್ ನಾನೇ ತೆಗೆದು ನೋಡಿದೆ. ಸರಿಯಾಗಿ 91 ಇತ್ತು, ಒಂದು ಜಾಸ್ತಿ ಇಲ್ಲ. ಆಮೇಲೆ ಜೇಬಿನಿಂದ ಕೀ ತೆಗೆದೆ.